ಬೆರಳಿನ ಗುರುತು, ಮನೆಯ ಗುಟ್ಟು

ಸಿಂಧನೂರಿನ ಜವಳಗೇರಾ ಸೀಮೆಯು ತುಂಗಭದ್ರೆಯ ಎಡದಂಡೆ ಕಾಲುವೆಯ ನೀರಿನಿಂದ ಬತ್ತ ಬೆಳೆಯುವ ನಾಡು. ದಿನವಿಡೀ ಕೆಸರಿನಲ್ಲಿ ಸಸಿ ನೆಡುವ ಹೆಂಗಸರ ಬೆರಳಗೆರೆಗಳು ಸವೆಯುವುದು ಸಹಜವಷ್ಟೆ. ಅಂಥ ಬೆರಳನ್ನು ನ್ಯಾಯಬೆಲೆ ಅಂಗಡಿಯ ಯಂತ್ರವು ಒಪ್ಪದಿರುವುದುಂಟು. ಅಂಗಡಿಯವನು ಆಕೆಯನ್ನು ಬಲ್ಲನು, ಯಂತ್ರವು ಅರಿಯದು. ಅಕ್ಕಿ ಬೆಳೆದ ಕೈಯೇ ಅಕ್ಕಿ ಪಡೆಯಲು ಸಾಕ್ಷಿಯಾಗದೆಹೋದರೆ ಯಾರಿಗೆ ದೂರುವುದು?

ಹಾಗೆಂದು ಗುರುತಿನ ಪರೀಕ್ಷೆಯೇ ಬೇಡವೆಂದು ನಾವು ಹೇಳಲಾರೆವು. ಒಬ್ಬರ ಪಾಲನ್ನು ಮತ್ತೊಬ್ಬರು ನುಂಗುವುದನ್ನು ತಡೆಯಲೇಬೇಕು. ಆದರೆ ಯಾರಿಗೆ, ಎಷ್ಟನ್ನು ತೋರಿಸತಕ್ಕದ್ದು ಎಂಬುದು ಬೇರೆಯೇ ಪ್ರಶ್ನೆ.

ಈ ಪ್ರಶ್ನೆಯನ್ನು ಸರ್ವೋಚ್ಚ ನ್ಯಾಯಾಲಯಕ್ಕೆ ಒಯ್ದವರು ನಮ್ಮ ನಾಡಿನವರೇ. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು 2012ರಲ್ಲಿ, ಎಂಬತ್ತಾರರ ವಯಸ್ಸಿನಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಅರ್ಜಿ ಸಲ್ಲಿಸಿದರು. ಮನೆಯಲ್ಲಿ ವಿಶ್ರಮಿಸಿಕೊಳ್ಳಬಹುದಾಗಿದ್ದ ವಯಸ್ಸದು! 2017ರ ಆಗಸ್ಟ್ 24ರಂದು ಒಂಬತ್ತು ಮಂದಿ ನ್ಯಾಯಾಧೀಶರು ಖಾಸಗಿತನವು ಮೂಲಭೂತ ಹಕ್ಕೆಂದು ಏಕಮತದಿಂದ ಸಾರಿದರು. 2018ರ ಸೆಪ್ಟೆಂಬರ್ 26ರ ತೀರ್ಪು ಆಧಾರನ್ನು ಉಳಿಸಿತಾದರೂ, ಬ್ಯಾಂಕಿನ ಖಾತೆಗೂ ಮೊಬೈಲಿಗೂ ಅದನ್ನು ಕಡ್ಡಾಯಮಾಡುವುದು ಸಲ್ಲದೆಂದಿತು. ಬೆರಳು ಹೊಂದದ ಮಾತ್ರಕ್ಕೆ ಸವಲತ್ತನ್ನು ನಿರಾಕರಿಸಬಾರದೆಂಬುದೂ ಅದರಲ್ಲಿಯೇ ಇದೆ. ಪುಟ್ಟಸ್ವಾಮಿಯವರು 2024ರಲ್ಲಿ ತೀರಿಕೊಂಡರು.

ಇನ್ನು ಮನೆಯವರ ಎಚ್ಚರದ ಮಾತು. ಬೀಗದ ಕೈ ಕಳುವಾದರೆ ಬೀಗವನ್ನೇ ಬದಲಿಸಬಹುದು. ಬೆರಳನ್ನು ಬದಲಿಸುವ ಬಗೆ ಹೇಗೆ? ಆಧಾರ್ ಸಂಖ್ಯೆ, ಬ್ಯಾಂಕಿನ ಹೆಸರು, ಬೆರಳಚ್ಚು ಇಷ್ಟಿದ್ದರೆ ಹಳ್ಳಿಯಲ್ಲಿಯೇ ಖಾತೆಯ ಹಣ ತೆಗೆಯುವ ಏರ್ಪಾಡುಂಟು. ಬ್ಯಾಂಕು ದೂರವಿರುವ ಮುದುಕರಿಗೆ ಇದು ದೊಡ್ಡ ಉಪಕಾರವೇ ಸರಿ. ಆದರೆ 2023ರಲ್ಲಿ ಬೆಂಗಳೂರಿನಲ್ಲಿ, ನೋಂದಾಯಿತ ಕ್ರಯಪತ್ರಗಳಲ್ಲಿದ್ದ ಬೆರಳಚ್ಚುಗಳನ್ನು ನಕಲುಮಾಡಿ ಹಣ ದೋಚಿದ ದೂರುಗಳು ಬಂದವು. ಹೊಲ ಕೊಂಡವನ ಸಾಕ್ಷಿಯೇ ಕಳ್ಳನ ಸಾಧನವಾಯಿತು.

ಆದುದರಿಂದ ಎಲ್ಲೆಂದರಲ್ಲಿ ಆಧಾರಿನ ನಕಲು ಕೊಡುವ ವಾಡಿಕೆಯನ್ನು ಬಿಡುವುದು ಲೇಸು. ಕೊನೆಯ ನಾಲ್ಕು ಅಂಕೆಗಳು ಮಾತ್ರ ಕಾಣುವ ಪ್ರತಿಯನ್ನು ಪ್ರಾಧಿಕಾರವೇ ಒದಗಿಸುತ್ತದೆ. ಅನೇಕ ಕಡೆ ಅಷ್ಟೇ ಸಾಕು. ಬೆರಳಚ್ಚಿಗೆ ಬೀಗ ಹಾಕುವ ಸೌಕರ್ಯವೂ ಇದೆ. ಆಧಾರಿಗೆ ಜೋಡಿಸಿದ ಮೊಬೈಲು ಕೈಯಲ್ಲಿರಬೇಕು, ಅಷ್ಟೆ. ಬೀಗ ಹಾಕಿದವರು ಪಡಿತರ ತರಲು ಹೊರಡುವ ಮುನ್ನ ಅದನ್ನು ತೆರೆಯಲು ಮರೆಯಕೂಡದು. ಮರೆತರೆ ಸವೆಯದ ಬೆರಳನ್ನೂ ಯಂತ್ರವು ಒಲ್ಲೆನೆನ್ನುವುದು. ಖಾತೆಯ ಹಣ ಕಾಣೆಯಾದುದು ತಿಳಿದ ಕೂಡಲೇ 1930ಕ್ಕೆ ಕರೆಮಾಡಿ, ಬ್ಯಾಂಕಿಗೂ ತಿಳಿಸತಕ್ಕದ್ದು.