ಬಂಡೆ ಒಂದೇ, ಊಟ ಬೇರೆ

ಬ್ರಿಟನ್ನಿನ ಕಡಲಂಚಿನ ಬಂಡೆಗಳಲ್ಲಿ ಎರಡು ಬಗೆಯ ನೀರುಕಾಗೆಗಳು ಗೂಡು ಕಟ್ಟುತ್ತವೆ. ಒಂದು ದೊಡ್ಡ ನೀರುಕಾಗೆ. ಕರ್ನಾಟಕದಲ್ಲೂ ಕಾಣಸಿಗುವ ಜಾತಿಯೇ ಅದು. ಇನ್ನೊಂದು ಶಾಗ್: ತುಸು ಚಿಕ್ಕದು, ಕಪ್ಪು ಮೈಗೆ ಹಸಿರು ಹೊಳಪು, ಮರಿ ಮಾಡುವ ಕಾಲಕ್ಕೆ ಹಣೆಯ ಮೇಲೊಂದು ಜುಟ್ಟು. ಬಾಲದ ಗರಿ ಎಣಿಸಿದರೆ ದೊಡ್ಡದಕ್ಕೆ 14, ಶಾಗ್‌ಗೆ 12. ದೋಣಿಯಲ್ಲಿ ಕೂತವರಿಗೆ ಇದೆಲ್ಲ ಎಲ್ಲಿ ಕಾಣಬೇಕು? ಎರಡೂ ಕಪ್ಪು, ಎರಡೂ ಮುಳುಗಿ ಮೀನು ಹಿಡಿಯುತ್ತವೆ. ಹಾಗಾಗಿ ಮೀನುಗಳ್ಳರೆಂಬ ಆರೋಪವೂ ಎರಡಕ್ಕೂ ಸಮಪಾಲು. ಈ ಆರೋಪ ನೋಟವನ್ನು ನಂಬಿದೆಯೇ ಹೊರತು ಹೊಟ್ಟೆಯನ್ನಲ್ಲ.

ಹೊಟ್ಟೆ ಹೇಳುವ ಕಥೆಯನ್ನು 1933ರಲ್ಲಿ ಸ್ಟೀವನ್ ಎಂಬ ವಿಜ್ಞಾನಿ ಕಾರ್ನ್‌ವಾಲ್ ತೀರದಲ್ಲಿ ಕಲೆಹಾಕಿದರು. ಪಕ್ಷಿವಿಜ್ಞಾನಿ ಡೇವಿಡ್ ಲ್ಯಾಕ್ 1945ರಲ್ಲಿ ಅದನ್ನು ಬಳಸಿಕೊಂಡು ಎರಡೂ ಜಾತಿಗಳನ್ನು ಎದುರುಬದುರು ನಿಲ್ಲಿಸಿದರು. ಶಾಗ್‌ನ ಆಹಾರದಲ್ಲಿ ಸುಮಾರು ಅರ್ಧ ನಮ್ಮ ಬೂತಾಯಿಯ ಬಳಗದ ಮೀನುಗಳು, ಮೂರನೇ ಒಂದು ಪಾಲು ಸ್ಯಾಂಡ್‌ಈಲ್ ಎಂಬ ಸಪೂರ ಮೀನು. ದೊಡ್ಡ ನೀರುಕಾಗೆಯ ಹೊಟ್ಟೆಯಲ್ಲಿ ಇವೆರಡೂ ಇಲ್ಲವೆನ್ನುವಷ್ಟು ಕಡಿಮೆ. ಅಲ್ಲಿದ್ದದ್ದು ಸಿಗಡಿ, ಮತ್ತೆ ಕರಾವಳಿಯವರು ನಂಗ್ ಎನ್ನುವಂಥ ಚಪ್ಪಟೆ ಮೀನು. ಶಾಗ್ ಬೇಟೆಯಾಡುವುದು ತೆರೆದ ಕಡಲಲ್ಲಿ. ದೊಡ್ಡದು ಅಳಿವೆ, ಬಂದರುಗಳ ಆಳವಿಲ್ಲದ ನೀರಿನ ತಳ ಕೆದಕುತ್ತದೆ. ಸಿಕ್ಕ ಚಪ್ಪಟೆ ಮೀನನ್ನು ಮೇಲಕ್ಕೆ ತಂದು, ಕೊಕ್ಕಿನಲ್ಲೇ ಹೊರಳಿಸಿ, ತಲೆ ಮುಂದಾಗಿ ನುಂಗುತ್ತದೆ. ಗೂಡಿಗೂ ಅದಕ್ಕೆ ಎತ್ತರದ ಅಗಲ ಚಾಚು ಬೇಕು; ಶಾಗ್‌ಗೆ ತಗ್ಗಿನ ಇಕ್ಕಟ್ಟೇ ಸಾಕು.

ಒಂದೇ ಬಗೆಯ ಬದುಕಿಗೆ ಜೋತುಬಿದ್ದ ಎರಡು ಜೀವಿಗಳಲ್ಲಿ ಒಂದು ಸೋತು ಹೋಗಲೇಬೇಕು ಎಂದು ರಷ್ಯದ ಗಾಸೆ 1934ರಲ್ಲಿ ತೋರಿಸಿದ್ದರು. ಈ ಹಂಚಿಕೆಗೂ ಸ್ಪರ್ಧೆಯೇ ಕಾರಣವೆಂದು ಲ್ಯಾಕ್ ವಾದಿಸಿದರು. ಎಂದೋ ನಡೆದಿರಬಹುದಾದ ಜಗಳಕ್ಕೆ ಇಂದು ಸಾಕ್ಷಿ ಎಲ್ಲಿದೆ ಎಂಬ ಆಕ್ಷೇಪ ಇದಕ್ಕಿದೆ. ಗಟ್ಟಿ ಆಕ್ಷೇಪವೇ. ಡಿಎನ್‌ಎ ಅಧ್ಯಯನಗಳ ನಂತರ ಶಾಗ್ ಬೇರೆಯೇ ಕುಲಕ್ಕೆ ಸೇರಿರುವುದರಿಂದ, ಎರಡೂ ತಮ್ಮ ತಮ್ಮ ಅಭ್ಯಾಸಗಳೊಂದಿಗೇ ಇಲ್ಲಿ ಬಂದು ಸೇರಿದವೇನೋ ಎನ್ನಲೂಬಹುದು. ಇನ್ನು, ಮೀನು ಹೇರಳವಾಗಿದ್ದಾಗ ಎರಡೂ ಒಂದನ್ನೇ ತಿಂದರೆ? ತಿನ್ನಲಿ, ಬೇಕಾದಷ್ಟಿರುವಾಗ ಪೈಪೋಟಿಯ ಮಾತೇ ಏಳದು. ಹಂಚಿಕೆಯ ಕಾರಣದ ಬಗ್ಗೆ ವಾದ ನಡೆಯಲಿ, ಹಂಚಿಕೆಯಂತೂ ಆಹಾರದ ಪಟ್ಟಿಯಲ್ಲೇ ಇದೆ. ಕಾರ್ನ್‌ವಾಲಿನ ಚಪ್ಪಟೆ ಮೀನಿನ ಲೆಕ್ಕವನ್ನು ಶಾಗ್‌ನ ಖಾತೆಗೆ ಬರೆಯುವಂತಿಲ್ಲ.