ಕರುಳಿನ ಕಾವಲುಗಾರರು ಮುನಿದಾಗ

ಭೇದಿಯಾದರೆ ಹೊರಗಿನ ಊಟವನ್ನು, ರಕ್ತ ಕಂಡರೆ ಮೂಲವ್ಯಾಧಿಯನ್ನು ದೂರುವುದು ನಮ್ಮೆಲ್ಲರ ವಾಡಿಕೆ. ಆದರೆ ರಕ್ತ ಬೆರೆತ ಭೇದಿ ವಾರಗಟ್ಟಲೆ ನಿಲ್ಲದೆ, ತೂಕವೂ ಇಳಿದರೆ ಕಾರಣ ಬೇರೆಯಿರಬಹುದು.

ಕರುಳಿನಲ್ಲಿ ಕೋಟ್ಯನುಕೋಟಿ ಸೂಕ್ಷ್ಮಜೀವಿಗಳಿವೆ, ಬಹುಪಾಲು ನಿರಪಾಯ. ಕರುಳಿನ ಗೋಡೆಯಲ್ಲಿ ಕಾವಲಿರುವ ಬಿಳಿಯ ರಕ್ತಕಣಗಳು ಇವನ್ನು ಸಹಿಸಿಕೊಂಡು, ರೋಗಾಣು ನುಗ್ಗಿದಾಗ ಮಾತ್ರ ಹೋರಾಡುತ್ತವೆ. ಕೆಲವರಲ್ಲಿ ಈ ವಿವೇಚನೆ ತಪ್ಪುತ್ತದೆ. ಕಣಗಳು ಟಿ.ಎನ್.ಎಫ್. ಮುಂತಾದ ರಾಸಾಯನಿಕ ಸಂದೇಶಗಳನ್ನು ಬಿಡದೆ ಸುರಿಸುತ್ತವೆ. ಆ ಕರೆಗೆ ಇನ್ನಷ್ಟು ಕಣಗಳು ನೆರೆದು, ಕರುಳೇ ಊದಿ ಹುಣ್ಣಾಗುತ್ತದೆ. ದೊಡ್ಡ ಕರುಳಿನ ಒಳಪದರದಲ್ಲಿ ಆಗುವುದು ಅಲ್ಸರೇಟಿವ್ ಕೊಲೈಟಿಸ್. ಜೀರ್ಣಾಂಗದ ಎಲ್ಲಿಯಾದರೂ ಆಳಕ್ಕಿಳಿಯುವುದು 1932ರಲ್ಲಿ ವರ್ಣಿತವಾದ ಕ್ರೋನ್ ರೋಗ. ಇವೆರಡೂ ಅಂಟುರೋಗಗಳಲ್ಲ.

ಟಿ.ಎನ್.ಎಫ್. ಅನ್ನು ಕಟ್ಟಿಹಾಕುವ ಔಷಧಗಳಲ್ಲಿ ಅಡಾಲಿಮುಮಾಬ್ ಒಂದು. ಅದರ ಮೊದಲ ಸಮಾನ ಔಷಧವನ್ನು 2014ರಲ್ಲಿ ಹೊರತಂದದ್ದು ನಮ್ಮ ಅಹಮದಾಬಾದಿನ ಝೈಡಸ್ ಕ್ಯಾಡಿಲಾ ಸಂಸ್ಥೆಯೇ. ಆದರೆ ಇಂಥ ಮದ್ದು ಕಾವಲನ್ನೇ ಸಡಿಲಿಸುವುದರಿಂದ ಅಡಗಿದ ಕ್ಷಯ ತಲೆಯೆತ್ತಬಹುದು. ಕರುಳಿನ ಕ್ಷಯವೂ ಕ್ರೋನ್ ರೋಗದಂತೆಯೇ ತೋರುತ್ತದೆ. ಆದುದರಿಂದ ಕ್ಷಯದ ಪರೀಕ್ಷೆ ಮೊದಲಾಗಬೇಕು.

ರಜೆ ಸಿಕ್ಕಿ ಊರಿಗೆ ಹೋದಾಗ ತೋರಿಸಿದರಾಯಿತೆಂದು ಮುಂದೂಡಬೇಡಿ. ಅಸಾರ್ವಾದ ಸರ್ಕಾರಿ ಸಿವಿಲ್ ಆಸ್ಪತ್ರೆಗಾಗಲಿ, ಹತ್ತಿರದ ವೈದ್ಯರ ಬಳಿಗಾಗಲಿ ಹೋಗಿ, ಸಂಕೋಚವಿಲ್ಲದೆ ಹೇಳಿಕೊಳ್ಳಿ.