ಸಿಗ್ನಲ್ ಹೋದರೆ ತಪ್ಪು ಟವರಿನದ್ದು ಮಾತ್ರವೇ?

ಬೀದರ್ ಜಿಲ್ಲೆಯ ಹುಮನಾಬಾದಿನಿಂದ ಬಸವಕಲ್ಯಾಣಕ್ಕೆ ಬಸ್ಸಿನಲ್ಲಿ ಹೋಗುತ್ತಿದ್ದೆ. ಊರಿನಿಂದ ಉಮ್ಮನ ಫೋನು ಬಂತು. ಸಸ್ತಾಪುರ ಬಂಗ್ಲಾ ತಲುಪುವ ಮೊದಲೇ ಮಾತು ತುಂಡು ತುಂಡಾಯಿತು. ಫೋನನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದು "ಹಲೋ, ಹಲೋ" ಎಂದು ಕೂಗುತ್ತಿದ್ದೆ. ಪಕ್ಕದಲ್ಲಿದ್ದ ಹುಡುಗ ಬಸವಕಲ್ಯಾಣದಲ್ಲಿ ಎಲೆಕ್ಟ್ರಾನಿಕ್ಸ್ ಇಂಜಿನಿಯರಿಂಗ್ ಓದುವವನಂತೆ. "ಸರ, ಕೆಳಗ ಹಂಗ ಮುಚ್ಚಿ ಹಿಡೀಬ್ಯಾಡ್ರಿ, ಆಂಟೆನಾ ಅಲ್ಲೇ ಇರ್ತದ" ಎಂದ. ಕೈ ಮೇಲೆ ಸರಿಸಿದೆ. ಉಮ್ಮನ ದನಿ ಸರಿಯಾಗಿ ಕೇಳಿಸಿತು!

ಟವರಿಗೆ ಬೈಯುವುದು ನಮಗೆಲ್ಲ ಅಭ್ಯಾಸ. ಆದರೆ ಅರ್ಧ ಕಥೆ ನಮ್ಮ ಕೈಯಲ್ಲೇ ಉಂಟು. 900 ಮೆಗಾಹರ್ಟ್ಸ್ ಅಲೆಯ ಉದ್ದ ಸುಮಾರು 33 ಸೆಂಟಿಮೀಟರ್. ಸಾಮಾನ್ಯ ಆಂಟೆನಾಕ್ಕೆ ಅದರ ಕಾಲು ಭಾಗ, ಅಂದರೆ 8 ಸೆಂಟಿಮೀಟರ್ ಜಾಗ ಬೇಕು. ಅದನ್ನು ಬ್ಯಾಟರಿ, ಕ್ಯಾಮೆರಾ, ಪರದೆಯ ನಡುವೆ ಬಗ್ಗಿಸಿ ಅಡಗಿಸಬೇಕು. ಪರದೆ ಮತ್ತು ಚಿಪ್ ಕೂಡ ಸಣ್ಣ ಸಣ್ಣ ರೇಡಿಯೋ ಗದ್ದಲ ಮಾಡುತ್ತವೆ. ಆ ಗದ್ದಲದಲ್ಲಿ ದೂರದ ಟವರಿನ ಸಣ್ಣ ದನಿ ಮುಳುಗಿ ಹೋಗಬಹುದು. ಸಿಗ್ನಲ್ ಕಡಿಮೆಯಾದರೆ ಫೋನು ಹೆಚ್ಚು ಶಕ್ತಿ ಹಾಕಿ ಕೂಗುತ್ತದೆ. ಬಿಸಿಯಾಗುತ್ತದೆ, ಚಾರ್ಜು ಇಳಿಯುತ್ತದೆ.

ಮೀನು ಸಾರಿಗೆ ಹುಳಿ ಒಬ್ಬರು, ಉಪ್ಪು ಇನ್ನೊಬ್ಬರು, ಒಬ್ಬರಿಗೊಬ್ಬರು ಕೇಳದೆ ಹಾಕಿದರೆ ಹೇಗಾದೀತು? ಹಾಗಾಗಬಾರದು ಎಂದೇ ಇಂಜಿನಿಯರುಗಳು ಈಗ ಆಂಟೆನಾ, ಚಿಪ್, ಬ್ಯಾಟರಿ, ಹೊರಕವಚ ಎಲ್ಲವನ್ನೂ ಮೊದಲೇ ಕಂಪ್ಯೂಟರಿನಲ್ಲಿ ಒಟ್ಟಿಗೆ ಇಟ್ಟು ವಿನ್ಯಾಸ ಮಾಡುತ್ತಾರೆ. ಹಿಡಿಯುವ ಕೈಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. 2010ರಲ್ಲಿ ಐಫೋನ್ 4 ಬಂದಾಗ ಅದರ ಲೋಹದ ಅಂಚೇ ಆಂಟೆನಾ. ಒಂದು ಮೂಲೆಯನ್ನು ಕೈಯಿಂದ ಮುಚ್ಚಿದರೆ ಸಿಗ್ನಲ್ ಇಳಿಯುತ್ತಿತ್ತು. ಕೊನೆಗೆ ಕಂಪನಿ ಕವರನ್ನು ಉಚಿತವಾಗಿ ಕೊಡಬೇಕಾಯಿತು.

ನಮ್ಮ ರಾಜ್ಯಕ್ಕೆ ಈ ವಿದ್ಯೆ ಹೊಸತಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲೇ ಸ್ವಿಟ್ಜರ್ಲೆಂಡಿನ ಸಹಕಾರದಿಂದ ಎಲೆಕ್ಟ್ರಾನಿಕ್ಸ್ ವಿನ್ಯಾಸ ಕೇಂದ್ರ ಶುರುವಾಯಿತು. ಇಂದು ಅದು ಎಲೆಕ್ಟ್ರಾನಿಕ್ ಸಿಸ್ಟಮ್ಸ್ ಇಂಜಿನಿಯರಿಂಗ್ ವಿಭಾಗ. ಗೇಟ್ ಪರೀಕ್ಷೆ ಬರೆದು ಅಲ್ಲಿ ಎಂ.ಟೆಕ್ ಸೇರಬಹುದು. ಬಿಎಸ್‌ಎನ್‌ಎಲ್‌ನ 4ಜಿ ಟವರುಗಳಿಗೆ ರೇಡಿಯೋ ಉಪಕರಣ ಕೊಟ್ಟ ತೇಜಸ್ ನೆಟ್‌ವರ್ಕ್ಸ್ ಕೂಡ ಬೆಂಗಳೂರಿನದ್ದೇ.

ಇದನ್ನು ಇಲ್ಲಿ ಬರೆಯಲು ಕಾರಣ ಉಂಟು. ಮೊಬೈಲ್ ಅಂಗಡಿ, ರಿಪೇರಿ ಕೆಲಸದಲ್ಲಿ ನಮ್ಮ ಮಕ್ಕಳ ಕೈ ಪಳಗಿದೆ. ಬಿಚ್ಚಲು, ಜೋಡಿಸಲು ಗೊತ್ತು. ಆದರೆ ಆ ಭಾಗ ಅಲ್ಲೇ ಏಕೆ ಇದೆ ಎಂದು ಕೇಳುವವರು ಕಡಿಮೆ. ಅಂಥ ಕೈಚಳಕ ಇರುವ ಹುಡುಗನಿಗೆ ಎಸ್ಸೆಸ್ಸೆಲ್ಸಿ ನಂತರ ಡಿಪ್ಲೊಮಾ ದಾರಿ ಉಂಟು, ಅಲ್ಲಿಂದ ಇಂಜಿನಿಯರಿಂಗ್ ಎರಡನೇ ವರ್ಷಕ್ಕೆ ನೇರ ಪ್ರವೇಶ ಉಂಟು. ಪಿಯುಸಿ ವಿಜ್ಞಾನ ಓದುವ ಹೆಣ್ಣುಮಕ್ಕಳಿಗೂ ಇದು ಒಳ್ಳೆಯ ಕ್ಷೇತ್ರ. ಹೆಚ್ಚಿನ ಕೆಲಸ ಕಂಪ್ಯೂಟರ್ ಮತ್ತು ಪ್ರಯೋಗಾಲಯದಲ್ಲೇ.

ದೊಡ್ಡವರಿಗೆ ಒಂದು ಮಾತು: ಫೋನಿಗೆ ಲೋಹದ ಕವರ್ ಹಾಕಬೇಡಿ, ಮಾತಾಡುವಾಗ ಕೆಳಭಾಗ ಮುಚ್ಚಬೇಡಿ. ಆ ಹುಡುಗ ಬಸವಕಲ್ಯಾಣದಲ್ಲಿ ಇಳಿದು ಹೋದ. ಅವನ ಹಾಗೆ ವಿವರಿಸಿ ಹೇಳುವ ಮಕ್ಕಳು ನಮ್ಮ ಮನೆಗಳಲ್ಲೂ ಆಗಲಿ ಎಂಬುದೇ ನನ್ನ ಆಸೆ.